ಅತ್ತೆ ಬಚ್ಚಿಟ್ಟ ಡಬ್ಬಿ

ಮಂಗಳವಾರ, ಆಗಸ್ಟ್ ೧೨

ಅಂತೂ ಮೀನಿನ ತೊಟ್ಟಿಯ ನೀರು ತಿಳಿಯಾಯಿತು. ತಿಪಟೂರಿನಿಂದ ತಂದ ಹೊಸ ತೊಟ್ಟಿ, ವಾರದೊಳಗೇ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ನಾನು ದಿನಾ ನೀರು ಬದಲಿಸಿದಷ್ಟೂ ಮಬ್ಬು ಹೆಚ್ಚಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಕೊನೆಗೆ ಅತ್ತೆ ರೇಗಿದರು.

“ಅಟ್ಟದ ಮ್ಯಾಲೆ ಒಣಗಕ್ಕೆ ಬುಟ್ಟಿರೋ ತೆಂಗಿನಕಾಯಿನ ದಿನಾ ಕೆದಕುದ್ರೆ ಕೊಬ್ರಿ ಆಯ್ತದೇನೇ? ನೀರೂ ಮುಟ್ಬೇಡ, ಊಟಾನೂ ಹಾಕ್ಬೇಡ. ಸುಮ್ನೆ ಬುಡು.”

ಮೀನಿನ ಊಟದ ಡಬ್ಬಿಯನ್ನೇ ಬಚ್ಚಿಟ್ಟರು. ಕರೆಂಟ್ ಬಿಲ್ ಕೊಡಲು ಬಂದವನನ್ನೂ ಉಣ್ಣಿಸದೆ ಕಳಿಸದ ಜೀವ ಅದು! ಇಷ್ಟು ದಿನ ಹೇಗೆ ತಡೆದುಕೊಂಡರೋ. ನನಗಂತೂ ಆಗುತ್ತಿರಲಿಲ್ಲ.

ಇವತ್ತು ಸಂಜೆ ಬಗ್ಗಿ ನೋಡಿದರೆ ಗಾಜಿನ ಆಚೆ ಬದಿಯೂ ಕಾಣುತ್ತಿತ್ತು. ಮೀನುಗಳ ಹಿಂದೆ ಅತ್ತೆಯ ಮುಖ, ಕೈಯಲ್ಲಿ ಅದೇ ಡಬ್ಬಿ.

“ನೀರು ತಿಳಿ ಆಯ್ತಲ್ಲವ್ವ. ಈಗ ಒಂಚೂರು ಹಾಕ್ಲಾ?”