ಲಾಯರಮ್ಮನ ಮನೆಯ ಹೊಗೆ

ಮೇ ೧೯, ಭಾನುವಾರ
ಅಡುಗೆಮನೆಯ ಜಗಲಿ

ಪ್ರೀತಿಯ ಲಾಯರಮ್ಮನಿಗೆ,

ಹೇಗಿದ್ದೀಯೇ? ಮಗಳು, ಅಳಿಯ, ಅವಳಿ ಪುಂಡರು ಎಲ್ಲ ಕ್ಷೇಮ ತಾನೆ? ನಿನ್ನ ಕಾಗದ ಬಂದು ಎಷ್ಟು ಕಾಲವಾಯಿತೆಂದರೆ, ಅದರ ಮೇಲೆ ಎರಡು ಸಲ ಚಹಾ ಚೆಲ್ಲಿ ಒಣಗಿ, ಈಗ ಅದರಲ್ಲಿ ಓದಲು ಬರುವುದು ‘ಮಂಡಿ ನೋವು’ ಮತ್ತು ‘ಸೆಖೆ’ ಅಷ್ಟೇ. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಮಳೆ ಬರುವುದರೊಳಗೆ ಎಲ್ಲರ ಗೋಡೆಗೂ ಮಣ್ಣು ಮೆತ್ತಿ ಮುಗಿಸಬೇಕು, ಗೋಡೆ ಎಂದ ಕೂಡಲೇ ಎಲ್ಲರಿಗೂ ನಾನೇ ನೆನಪಾಗುತ್ತೇನೆ. ಬೆರಳ ತುಂಬ ಸುಣ್ಣ, ಪೆನ್ನು ಹಿಡಿದರೆ ಜಾರುತ್ತದೆ. ಇದು ನೆಪ ಎಂದು ನೀನು ಪಾಟೀಸವಾಲು ಹಾಕುತ್ತೀಯ, ಗೊತ್ತು. ನೆಪವೇ. ಒಂದು ವಿಷಯ ಬರೆಯಬೇಕಿತ್ತು, ಹೇಗೆ ಶುರು ಮಾಡುವುದೆಂದು ತಿಳಿಯದೆ ದಿನ ದೂಡಿದೆ.

ಮೊದಲು ಸುದ್ದಿ ಕೇಳು. ಅಡುಗೆ ಅಣ್ಣ ಗಟ್ಟಿಮುಟ್ಟಾಗಿದ್ದಾನೆ. ಬಿಸಿಲಿನ ಒಲೆಯಲ್ಲಿ ಬೇಳೆ ಇಟ್ಟು, ಮೋಡ ಬಂದರೆ ಮೇಲೆ ನೋಡಿ ಬೈಯುತ್ತಾನೆ. ಬಡಗಿಗೆ ಮುಂದಿನ ಹಲ್ಲು ಬಿದ್ದಿದೆ, ಮರದಲ್ಲೇ ಒಂದು ಕೆತ್ತಿಕೊಳ್ಳುತ್ತೇನೆಂದು ಮಕ್ಕಳನ್ನೆಲ್ಲ ನಂಬಿಸಿದ್ದಾನೆ. ಹೋದ ತಿಂಗಳು ನಮ್ಮನ್ನು ನೋಡಲು ಪೇಟೆಯಿಂದ ಒಂದು ಬಸ್ಸು ಜನ ಬಂದಿದ್ದರು. ನಾವು ಬೂದಿಯಲ್ಲಿ ಪಾತ್ರೆ ಉಜ್ಜುವುದನ್ನು ಫೋಟೋ ತೆಗೆದುಕೊಂಡರು. ಒಬ್ಬಾಕೆ ಕಕ್ಕಸಿಗೆ ಹೋದವಳು, ಅಲ್ಲಿ ನೀರು ಸುರಿಯುವ ಬದಲು ಮರದ ಹೊಟ್ಟು ಹಾಕಬೇಕೆಂದು ತಿಳಿದದ್ದೇ ಮುಖ ಸಣ್ಣ ಮಾಡಿಕೊಂಡು ಬಸ್ಸು ಹತ್ತಿ ಕೂತಳು. ನೀನಿದ್ದಿದ್ದರೆ ಅವಳನ್ನು ಗೊಬ್ಬರದ ಗುಂಡಿಯ ಪಕ್ಕ ನಿಲ್ಲಿಸಿ ಅದು ಹೇಗೆ ಮುಂದಿನ ವರ್ಷದ ಕುಂಬಳಕಾಯಿ ಆಗುತ್ತದೆಂದು ತಲೆ ತಿನ್ನುತ್ತಿದ್ದೆ. ನಾನು ನಕ್ಕು ಗೋಡೆ ಕೆಲಸಕ್ಕೆ ಹೋದೆ.

ಹೊಲದ ಬೆದರುಗೊಂಬೆಯ ಮೈಮೇಲೆ ನಿನ್ನ ಕರಿ ಕೋಟು ಇನ್ನೂ ಇದೆ. ಬಣ್ಣ ಹೋಗಿ ಇಲಿಯ ಮೈಯಂತಾಗಿದೆ. ಕಾಗೆಗಳು ಈಗಲೂ ಅದರ ಹೆಗಲ ಮೇಲೆಯೇ ಕೂರುತ್ತವೆ. ‘ನನ್ನ ಕೋಟಿಗೆ ಕೋರ್ಟಲ್ಲೇ ಯಾರೂ ಹೆದರ್ಲಿಲ್ಲ, ಇನ್ನು ಕಾಗೆ ಹೆದರುತ್ತಾ?’ ಎಂದು ನೀನು ಅದನ್ನು ತೊಡಿಸಿದ ದಿನವೇ ಹೇಳಿದ್ದೆ.

ಅದನ್ನು ನೋಡಿದಾಗೆಲ್ಲ ನನಗೆ ಪೇಂಟ್ ಅಂಗಡಿ ನೆನಪಾಗುತ್ತದೆ. ಇದೇ ಕೋಟು ಹಾಕಿಕೊಂಡು ನೀನು ನಿನ್ನ ಆಫೀಸಿಗೆ ಬಿಳಿ ಬಣ್ಣ ಕೊಳ್ಳಲು ಬಂದಿದ್ದೆ. ನಾನು ಕೌಂಟರಿನ ಹಿಂದೆ ಬಣ್ಣ ಕಲಸುತ್ತಿದ್ದೆ. ಬಿಳಿಯಲ್ಲಿ ಎಷ್ಟೊಂದು ಬಿಳಿ ಇದೆ ಎಂದು ನಾನು, ಬಿಳಿ ಎಂದರೆ ಬಿಳಿ ಎಂದು ನೀನು. ಅಂಗಡಿ ಮುಚ್ಚುವ ತನಕ ಜಗಳ. ಆಮೇಲೆ ನೋಡಿದರೆ ಇಬ್ಬರ ಬಾಡಿಗೆ ಕೋಣೆಯೂ ಒಂದೇ ವಠಾರದಲ್ಲಿ! ಒಂದೇ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಎಷ್ಟು ವರ್ಷ ಹರಟಿದೆವೇ ನಾವು. ಆ ನಲ್ಲಿಯ ಮುಂದೆಯೇ ಒಂದು ದಿನ ನೀನು, ಯಾರೋ ಕೆಲವರು ಸೇರಿ ಬೋಳುಗುಡ್ಡ ಕೊಂಡಿದ್ದಾರೆ, ಮಣ್ಣಿನಲ್ಲಿ ಮನೆ, ಬಿದ್ದ ಮಳೆಯೇ ನೀರು, ಬೆಳೆದದ್ದೇ ಊಟ, ಹೋಗೋಣ ಬಾ ಎಂದೆ. ನನಗೇನು ಹುಚ್ಚೇ ಎಂದು ನಾನು ಕೇಳಿದ್ದೆ. ಕೈ ಹಿಡಿದು ಎಳೆದುಕೊಂಡು ಬಂದವಳು ನೀನು. ಬಂದ ಮೇಲೆ ಬೇರು ಬಿಟ್ಟವಳು ನಾನು.

ಆಗ ಇಲ್ಲಿ ನೆರಳೆಂದರೆ ನಮ್ಮದೇ ನೆರಳು. ಈಗ ಅಡುಗೆಮನೆಯಿಂದ ಹಳ್ಳದವರೆಗೆ ಬಿಸಿಲು ತಾಗದೆ ನಡೆದು ಹೋಗಬಹುದು. ನಿನ್ನ ಮನೆ ಕಟ್ಟುವಾಗ ಇಬ್ಬರೂ ಸೀರೆ ಮೇಲೆತ್ತಿ ಕಟ್ಟಿಕೊಂಡು ಮಣ್ಣು ತುಳಿದದ್ದು ನೆನಪಿದೆಯೆ? ನೀನು ತುಳಿದದ್ದಕ್ಕಿಂತ ಮಾತಾಡಿದ್ದು ಹೆಚ್ಚು. ಗೋಡೆ ಒಣಗಲು ಬಿಡು, ಮುಟ್ಟಬೇಡ ಎಂದು ನಾನು ಬಡಿದುಕೊಂಡರೂ, ಬಡಗಿಯ ಜತೆ ಕಿಟಕಿಯ ಬಗ್ಗೆ ವಾದ ಮಾಡುತ್ತ ಹಸಿ ಗೋಡೆಗೆ ಒರಗಿಯೇ ಬಿಟ್ಟೆ. ಒಲೆಯ ಪಕ್ಕ ನಿನ್ನ ಎಡಭುಜದ ಅಚ್ಚು ಒಂದು ಗುಳಿಯಾಗಿ ಬಿತ್ತು. ಮುಚ್ಚುತ್ತೇನೆಂದು ಹೋದವಳು ಯಾಕೋ ಮುಚ್ಚಲಿಲ್ಲ. ಪ್ರತಿ ವರ್ಷ ಮಣ್ಣು ಮೆತ್ತುವಾಗಲೂ ಆ ಗುಳಿಯ ಸುತ್ತ ಕೈ ತಿರುಗಿಸಿಕೊಂಡು ಹೋಗಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನೇ ಮಾಡಿದ ಕಾನೂನನ್ನು ನಿನಗೇ ನೆನಪಿಸಬೇಕಾಗಿದೆ. ಅಡುಗೆಮನೆಯ ಹಲಗೆಯ ಮೇಲೆ ನಿನ್ನ ಕೈಯಕ್ಷರದಲ್ಲೇ ಇದೆ: ‘ಎರಡು ಮಳೆಗಾಲ ಒಲೆ ಉರಿಯದ ಮನೆ ಖಾಲಿ ಮನೆ. ಹೆಂಚು, ಮರ ಬೇಕಾದವರಿಗೆ. ಗೋಡೆ ಮಣ್ಣಿಗೆ.’ ಹೊಸ ಹೆಂಚು ಸುಡಲು ಕಾಡು ಕಡಿಯಬಾರದಲ್ಲ, ಅದಕ್ಕೆ. ಮೊದಲ ಸಲ, ಇಲ್ಲಿಂದ ಎದ್ದು ಹೋದ ಕೊಳಲಿನವನ ಮನೆಯ ಹೆಂಚು ಇಳಿಸಿದಾಗ ನಾನು ಅತ್ತು ರಂಪ ಮಾಡಿದ್ದೆ. ಇನ್ನೊಂದು ವರ್ಷ ನೋಡೋಣ, ಬಂದರೂ ಬಂದಾನು ಎಂದಿದ್ದೆ. ನೀನು ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: “ಹೋದವರು ಬರ್ತಾರೆ ಅಂತ ಖಾಲಿ ಮನೆ ಕಾಯ್ತಾ ಕೂತ್ರೆ ಇದು ಊರಾಗಲ್ಲ ಕಣೆ, ವೇಟಿಂಗ್ ರೂಮ್ ಆಗುತ್ತೆ.” ಎಲ್ಲರೂ ನಕ್ಕರು. ಒಂದೇ ಮಳೆಗಾಲದಲ್ಲಿ ಗೋಡೆ ಕರಗಿ, ಆ ಜಾಗದಲ್ಲಿ ಈಗ ಪಪ್ಪಾಯಿ ಗಿಡಗಳಿವೆ.

ಮಗಳ ಬಾಣಂತನಕ್ಕೆಂದು ನೀನು ಹೊರಟಾಗ ನನಗೆ ಈ ಕಾನೂನಿನ ನೆನಪೇ ಆಗಲಿಲ್ಲ. ಮಕ್ಕಳು ನಡೆಯುವ ಹೊತ್ತಿಗೆ ಬಂದುಬಿಡ್ತೀನಿ ಎಂದಿದ್ದೆ. ಗೂಟಕ್ಕೆ ಶಾಲು, ಕಿಟಕಿಯಲ್ಲಿ ಹಳೇ ಕನ್ನಡಕ, ಬಾಗಿಲ ಹಿಂದೆ ಚಪ್ಪಲಿ, ನಾಳೆ ಬರುವವರು ಬಿಟ್ಟು ಹೋಗುವ ಹಾಗೆ ಎಲ್ಲ ಬಿಟ್ಟು ಹೋಗಿದ್ದೆ. ಆ ವರ್ಷದ ಮಳೆ ಹಿಡಿದ ಮೇಲೆ ಒಂದು ಸಂಜೆ ಹಲಗೆ ಕಣ್ಣಿಗೆ ಬಿತ್ತು. ಸೀದಾ ನಿನ್ನ ಮನೆಗೆ ಹೋಗಿ ಒಲೆ ಹಚ್ಚಿದೆ. ಕಾನೂನಿನಲ್ಲಿ ಒಲೆ ಉರಿಯಬೇಕು ಎಂದಿದೆಯೇ ಹೊರತು ಯಾರು ಉರಿಸಬೇಕು ಎಂದಿಲ್ಲವಲ್ಲ! ಲಾಯರಮ್ಮನ ಜತೆ ಇಷ್ಟು ವರ್ಷ ಇದ್ದು ಇಷ್ಟಾದರೂ ಕಲಿಯದಿದ್ದರೆ ಹೇಗೆ?

ಅಂದಿನಿಂದ ಸಂಜೆಯಾದರೆ ಬೆಂಕಿಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋಗುವುದೇ ನನ್ನ ಕೆಲಸವಾಯಿತು. ಅಲ್ಲೇ ಚಹಾ ಕಾಯಿಸಿ ಕುಡಿದು, ನಿನ್ನ ಭುಜದ ಗುಳಿಗೆ ನನ್ನ ಭುಜ ಇಟ್ಟು ಕೂರುತ್ತಿದ್ದೆ. ಸರಿಯಾಗಿ ಹಿಡಿಸುವುದಿಲ್ಲ, ನಾನು ಕುಳ್ಳಿ. ಬಡಗಿ ಹಾದಿಯಲ್ಲಿ ಹೋಗುವಾಗ ಹೊಗೆ ನೋಡಿ, “ಏನು, ಲಾಯರಮ್ಮ ಬಂದ್ರಾ?” ಎಂದು ಕೇಳುತ್ತಿದ್ದ. “ಬರ್ತಾಳೆ” ಎನ್ನುತ್ತಿದ್ದೆ. ದಿನಾ ಇದೇ ಪ್ರಶ್ನೆ, ಇದೇ ಉತ್ತರ. ಯಾರೂ ಮೂಗು ಮುರಿಯಲಿಲ್ಲ, ಸೌದೆ ದಂಡವೆನ್ನಲಿಲ್ಲ. ನನ್ನ ಜಾಣತನಕ್ಕೆ ಎಲ್ಲರೂ ಮಾರುಹೋಗಿದ್ದಾರೆಂದೇ ನಾನು ಬೀಗುತ್ತಿದ್ದೆ.

ಎರಡು ಮಳೆಗಾಲ ಹೀಗೇ ಕಳೆಯಿತು. ಈ ಬೇಸಿಗೆಯ ಹೊತ್ತಿಗೆ ಜೇನಿನ ಹುಡುಗಿ ಆರೇಳು ತಿಂಗಳ ಬಸುರಿ. ನೀನು ಅವಳನ್ನು ನೋಡಿಲ್ಲ. ಜೇನುಪೆಟ್ಟಿಗೆ ನೋಡಿಕೊಳ್ಳುತ್ತಾಳೆ, ಗಂಡ ಸೈಕಲ್ ರಿಪೇರಿ ಮಾಡುತ್ತಾನೆ. ಇಬ್ಬರೂ ಬೀಜದ ಕೋಣೆಯಲ್ಲಿ ಮಲಗುತ್ತಾರೆ. ಮಳೆಗಾಲದ ಮಧ್ಯೆ ಹೆರಿಗೆ, ಬೀಜದ ಕೋಣೆಯಲ್ಲಿ ಇಲಿ ಕಾಟ. ಅವರು ತಾವೇ ಗೋಡೆ ಎಬ್ಬಿಸಿಕೊಂಡಿದ್ದಾರೆ, ಮೇಲೆ ಹಾಕಲು ಹೆಂಚಿಲ್ಲ. ನಿನ್ನ ಮನೆಯಲ್ಲೇ ಇರಬಹುದಲ್ಲ ಎಂದು ನೀನು ಕೇಳಬಹುದು. ಅದು ತಗ್ಗಿನಲ್ಲಿದೆ, ಕಳೆದ ಮಳೆಗೆ ಅಡಿಪಾಯದವರೆಗೆ ನೀರು ನಿಂತು ಹಿಂದಿನ ಗೋಡೆ ಬಸಿರು ಬಂದಂತೆ ಉಬ್ಬಿದೆ. ನಾನು ಎಷ್ಟು ಮಣ್ಣು ಮೆತ್ತಿದರೂ ಅದು ಇನ್ನು ಬಹಳ ಕಾಲ ನಿಲ್ಲುವಂಥದ್ದಲ್ಲ.

ಸಭೆಯಲ್ಲಿ ವಿಷಯ ಬಂತು. ನಮ್ಮ ಸಭೆ ಈಗಲೂ ಹಾಗೆಯೇ. ಸೇರಿದ ದಿನ ಹಳ್ಳದಿಂದ ಆರಿಸಿಕೊಂಡ ಕಲ್ಲು ಒಬ್ಬೊಬ್ಬರ ಕೈಯಲ್ಲಿ, ಒಪ್ಪಿದವರು ಮಡಕೆಗೆ ಹಾಕಬೇಕು, ಒಬ್ಬರು ಹಾಕದಿದ್ದರೂ ಕೆಲಸ ನಿಂತಂತೆಯೇ. ಮಡಕೆ ನನ್ನ ಮುಂದೆ ಬಂದಾಗ ನಾನು ಮುಷ್ಟಿ ಬಿಚ್ಚಲಿಲ್ಲ. ಮಡಕೆಯನ್ನು ಹಾಗೇ ಒಳಗಿಟ್ಟರು. ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನಿನಗೆ ಕಾಗದ ಬರೆದು ಬೇಗ ಬಾ ಎಂದು ಹೇಳೋಣವೆಂದುಕೊಂಡೆ. ಕಲ್ಲು ಜೋಪಾನವಾಗಿದೆಯಾ ಎಂದು ಹಿಂದಿನ ಎಲ್ಲ ಕಾಗದದಲ್ಲೂ ಕೇಳಿದ್ದೆನಲ್ಲ, ಅದನ್ನೂ ಇನ್ನೊಮ್ಮೆ ಕೇಳೋಣವೆಂದುಕೊಂಡೆ. ಸ್ವಲ್ಪ ದಿನಕ್ಕೆ ಹೋಗುವವರು ಕಲ್ಲು ಜತೆಗೆ ಒಯ್ಯುತ್ತಾರೆ ತಾನೆ, ಬಂದ ಮೇಲೆ ಬೇಕಲ್ಲ. ನೀನು ಎಲ್ಲದಕ್ಕೂ ಉತ್ತರ ಬರೆಯುತ್ತಿದ್ದೆ, ಕಲ್ಲಿನ ವಿಷಯ ಮಾತ್ರ ಬಿಟ್ಟು.

ಮೊನ್ನೆ ಶುಕ್ರವಾರ ಮತ್ತೆ ಮಡಕೆ ಬಂತು. ಹಾಕಿದೆ. ಆ ಹುಡುಗಿಯ ಮುಖ ನೋಡಿ ಮನಸ್ಸು ತಡೆಯಲಿಲ್ಲ.

ನಿನ್ನೆ ಹೆಂಚು ಇಳಿಸಿದೆವು. ಬಡಗಿ ಮೇಲೆ ಹತ್ತಿ ಒಂದೊಂದೇ ಕೊಟ್ಟ, ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಒಂದೂ ಒಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿನ್ನ ಕೋಣೆಯೊಳಗೆ ಬಿಸಿಲು ಬಿತ್ತು, ಅಲ್ಲಿ ಬಿಸಿಲು ಬಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನೆಲವೆಲ್ಲ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಇದನ್ನು ತಿಕ್ಕಿ ನುಣುಪು ಮಾಡಿದ್ದು ನಾನು ಎಂದು ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ತಡೆಯಲಾಗದೆ ಅತ್ತೆ. ಜೇನಿನ ಹುಡುಗಿ ಬಂದು ಪಕ್ಕದಲ್ಲಿ ಕೂತು, “ಮಗು ಹುಟ್ಟಿದ್ಮೇಲೆ ಸಂಜೆ ನಮ್ಮನೆ ಒಲೆ ನೀವೇ ಬಂದು ಹಚ್ಚಿ ಗೋಡೆಯಮ್ಮ” ಎಂದಳು. ಒಳ್ಳೆಯ ಹುಡುಗಿ. ಶಾಲು ನಾನು ತಂದಿಟ್ಟುಕೊಂಡಿದ್ದೇನೆ, ಕನ್ನಡಕ ಈ ಕಾಗದದ ಜತೆ ಕಳಿಸುತ್ತಿದ್ದೇನೆ. ಚಪ್ಪಲಿಯನ್ನು ಇಲಿ ತಿಂದಿದೆ.

ಮಗಳಿಗೆ ನನ್ನ ಆಶೀರ್ವಾದ ಹೇಳು. ಪುಂಡರಿಬ್ಬರೂ ಈಗ ನಡೆಯುವುದಲ್ಲ, ಓಡುತ್ತಿರಬೇಕು. ನಿನ್ನ ವಾದ ಮಾಡುವ ಬಾಯಿ ಅವರಿಗೆ ಬಾರದಿರಲಿ, ನಿನ್ನ ಗುಂಡಿಗೆ ಬರಲಿ. ಮಂಡಿಗೆ ಎಣ್ಣೆ ಹಚ್ಚಿಕೋ, ತಣ್ಣೀರು ತಾಗಿಸಬೇಡ. ಎಲ್ಲಿದ್ದರೂ ಚೆನ್ನಾಗಿರು.

ಇಂತಿ ನಿನ್ನ,
ಗೋಡೆ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಜೇನಿನ ಹುಡುಗಿಯ ಮುಖ ನೋಡಿ ಕಲ್ಲು ಹಾಕಿದೆ ಎಂದು ಬರೆದೆನಲ್ಲ, ಅದು ಅರ್ಧ ಮಾತು. ಶುಕ್ರವಾರ ಸಭೆಗೆ ಮುಂಚೆ ಅಡುಗೆ ಅಣ್ಣ ನನ್ನನ್ನು ಒಳಗೆ ಕರೆದು, ಉಪ್ಪಿನ ಜಾಡಿಯ ಹಿಂದಿನಿಂದ ಒಂದು ಕಲ್ಲು ತೆಗೆದು ಕೈಯಲ್ಲಿಟ್ಟ. ಕಪ್ಪು ಕಲ್ಲು, ಮಧ್ಯೆ ಬಿಳಿ ಪಟ್ಟಿ. ಲಾಯರಿಗೆ ತಕ್ಕ ಕಲ್ಲು ಎಂದು ಹಳ್ಳದಲ್ಲಿ ಆರಿಸಿ ಕೊಟ್ಟವಳು ನಾನೇ, ನನಗೆ ಗುರುತು ಸಿಗದೆ ಇರುತ್ತದೆಯೆ? ಹೊರಟ ದಿನ ಬೆಳಿಗ್ಗೆಯೇ ಕೊಟ್ಟು ಹೋದೆಯಂತೆ. ಪೂರ್ತಿ ಬಿಟ್ಟು ಹೋಗುವವರು ಕೊಡುವ ಹಾಗೆ.

“ಅವ್ರಿಗೆ ಸಾಕಾಗಿತ್ತು ಅಕ್ಕಾ” ಎಂದ. “ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರೋ ಕಡೆ ಇರಬೇಕು ಅನ್ಸುತ್ತೆ ಕಣಯ್ಯ ಅಂದ್ರು. ಅದನ್ನ ಹೇಳೋಕೇ ನಾಚಿಕೆಪಟ್ಕೊಂಡ್ರು.” ಬೇರೆ ಯಾರಿಗೆ ಗೊತ್ತು ಎಂದೆ. ಎಲ್ಲರಿಗೂ ಗೊತ್ತಂತೆ. ಹಾಗಾದರೆ ಎರಡು ಮಳೆಗಾಲ ನನ್ನ ಕೈಯಲ್ಲಿ ಯಾಕೆ ಒಲೆ ಹಚ್ಚಿಸಿದಿರಿ ಎಂದು ಕೂಗಾಡಿದೆ. ಅವನು ಸೌಟು ನೋಡುತ್ತ, “ಹೊಗೆ ಕಂಡ್ರೆ ನಮಗೂ ಅವ್ರು ಇದ್ದಂಗೇ ಅನ್ಸೋದು” ಎಂದ.

ಬಿಸಿನೀರು ಬೇಕೆಂದರೆ ನಾನು ಬೈಯುತ್ತಿದ್ದೆನೇನೇ? ನನ್ನ ಮಂಡಿಯೂ ನೋಯುತ್ತದೆ. ಒಂದು ದಿನ ರೇಗಾಡಿ ಮಾರನೆಯ ದಿನ ನಾನೇ ನಿನ್ನ ಚೀಲ ಕಟ್ಟಿಕೊಡುತ್ತಿದ್ದೆ ಎಂದು ಬರೆಯಹೊರಟೆ. ಸುಳ್ಳು. ಕಟ್ಟಿಕೊಡುತ್ತಿರಲಿಲ್ಲ. ಮುಷ್ಟಿ ಬಿಗಿಹಿಡಿದು ಬಾಗಿಲಿಗೆ ಅಡ್ಡ ಕೂರುತ್ತಿದ್ದೆ, ನೀನು ಹೋಗುತ್ತಿರಲಿಲ್ಲ. ನಿನಗದು ಗೊತ್ತಿತ್ತು, ಅದಕ್ಕೇ ಊರಿಗೆಲ್ಲ ಹೇಳಿ ನನಗೊಬ್ಬಳಿಗೇ ಹೇಳಲಿಲ್ಲ. ಅರ್ಥವಾಗುತ್ತದೆ ಕಣೇ. ಆದರೂ ಕೋಪ ಇಳಿದಿಲ್ಲ. ಹಳ್ಳಕ್ಕೆ ಹೊಸ ನೀರು ಬಂದ ದಿನ ನಿನ್ನ ಕಲ್ಲನ್ನು ನಾನೇ ಮತ್ತೆ ಅದರೊಳಗೆ ಬಿಡುತ್ತೇನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ.

ಈಗ ಸಂಜೆ ಅಭ್ಯಾಸಬಲದಿಂದ ಬೆಂಕಿಪೊಟ್ಟಣ ಕಟ್ಟಿಕೊಂಡು ನಿನ್ನ ಮನೆಗೆ ಹೋಗಿಬಿಟ್ಟೆ. ಗೋಡೆಗಳಿವೆ, ಒಲೆಯಿದೆ, ಮೇಲೆ ಏನೂ ಇಲ್ಲ. ಹೋದದ್ದು ಹೋದೆ ಎಂದು ಹಚ್ಚಿದೆ. ಹೊಗೆ ಎಲ್ಲೂ ಸುತ್ತದೆ ನೇರ ಮೇಲೆ ಹೋಯಿತು. ಬಡಗಿ ಹಾದಿಯಲ್ಲಿ ನಿಂತು ನೋಡಿದ, ಈ ಸಲ ಏನೂ ಕೇಳಲಿಲ್ಲ. ನಾನೇ ಹೇಳಿದೆ, “ಹೋದಳು ಕಣಯ್ಯ” ಅಂತ.