ಸುಣ್ಣ ಹಿಡಿಯದ ಗೋಡೆ

ಅಕ್ಕಾ,

ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಕ್ಷೇಮಸಮಾಚಾರ ತಿಳಿಸು ಎಂದು ಅಭ್ಯಾಸದ ಮೇಲೆ ಬರೆಯಹೋಗಿ ಕೈ ನಿಂತಿತು. ನೀನು ಬದುಕಿದ್ದಾಗಲೂ ನನ್ನ ಕಾಗದಕ್ಕೆ ಉತ್ತರ ಬರೆದವಳಲ್ಲ. ನಿನಗೆ ಓದು ಬರುತ್ತಿರಲಿಲ್ಲ. ತವರು ಅರಿಶಿನಕುಂಟೆಯಿಂದ ನಾನು ಬರೆದದ್ದನ್ನು ಭಾವ ಗಟ್ಟಿಯಾಗಿ ಓದುತ್ತಿದ್ದರು, ನೀನು ರಾಗಿ ಬೀಸುತ್ತಾ ಕೇಳುತ್ತಿದ್ದೆ. ಹಾಗಾಗಿ ಭಾವನ ಕಿವಿಗೆ ಬೀಳಬಾರದ್ದನ್ನು ಒಂದನ್ನೂ ನಾನು ಬರೆಯುವ ಹಾಗಿರಲಿಲ್ಲ. ಈಗ ನಮ್ಮಿಬ್ಬರ ನಡುವೆ ಓದಿ ಹೇಳುವವರು ಯಾರೂ ಬೇಕಿಲ್ಲ ಅಂದುಕೊಂಡಿದ್ದೇನೆ. ಅದಕ್ಕೇ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನ ನಡುಮನೆಯ ಗೋಡೆ ಕೆರೆದವಳು ನಾನು.

ನೀನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಅಪ್ಪನ ಜೊತೆ ನೋಡಲು ಬಂದಿದ್ದೆ, ನೆನಪಿದೆಯಾ? ದೊಡ್ಡಬಳ್ಳಾಪುರದಲ್ಲಿ ರೈಲಿಳಿದು ಅಲ್ಲಿಂದ ಎತ್ತಿನ ಗಾಡಿ. ಒಳಗೆ ಕಾಲಿಟ್ಟರೆ ಹೊಗೆ ಹಿಡಿದು ಕಪ್ಪಾದ ಗೋಡೆಗಳು, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತೇ ಬೇಕಾಯಿತು. ಮುಂದಿನ ಸಲ ಬಂದಾಗ ನಂಜಿ ನಿನ್ನ ಕಂಕುಳಲ್ಲಿದ್ದಳು, ಮನೆ ಗುರುತೇ ಸಿಗಲಿಲ್ಲ. ನೀನು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿದಿದ್ದೆ. ಕೆಳಗೆ ಮೊಣಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ದೀಪದ ಗೂಡಿನ ಆಚೆಗೊಂದು ಈಚೆಗೊಂದು ಗಿಣಿ. ಅದರಲ್ಲಿ ಒಂದರ ಕೊಕ್ಕು ಸೊಟ್ಟ. ಇದ್ಯಾಕೆ ಹೀಗೆ ಎಂದು ಕೇಳಿದರೆ, "ಅದನ್ನ ಬರಿಯೋವಾಗ ಇವ್ಳು ಕೈ ಹಿಡ್ದು ಎಳೆದ್ಬಿಟ್ಲು ಕಣೆ. ಇರ್ಲಿ ಬಿಡು, ಇವ್ಳಂಗೇ ಅದೂ ಒಂದು ಹಟಮಾರಿ" ಎಂದು ನೀನು ನಕ್ಕೆ. ಬಟ್ಟೆಗೆ ಹಾಕುವ ನೀಲಿಯನ್ನೆಲ್ಲ ಗೋಡೆಗೆ ತಿನ್ನಿಸುತ್ತಾಳೆ ಎಂದು ಅತ್ತೆ ಒಳಗೆ ಗೊಣಗುತ್ತಿದ್ದರು. ಆಮೇಲೆ ಅವರೇ ಪಕ್ಕದ ಮನೆಯವರನ್ನು ಕರೆತಂದು ಗಿಣಿ ತೋರಿಸುತ್ತಿದ್ದರು.

ನೀನು ಹೋದ ದಿನ ಕೆಂಪ ಹುಟ್ಟಿ ಎಂಟು ದಿನ. ಬಾಣಂತಿ ಸನ್ನಿ ಎಂದರು. ಸುದ್ದಿ ತಿಳಿದು ನಾನೂ ಅವ್ವನೂ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಡುಮನೆಯ ಕಿಟಕಿಯ ಕೆಳಗೆ ನಿನ್ನ ಚಾಪೆ ಇನ್ನೂ ಹಾಸಿಯೇ ಇತ್ತು. ನಂಜಿಗೆ ಹಾಲು ಕೊಟ್ಟದ್ದೂ ಅಲ್ಲೇ ಕೂತು, ಕೆಂಪನಿಗೆ ಆ ಎಂಟು ದಿನ ಕೊಟ್ಟದ್ದೂ ಅಲ್ಲೇ. ಗೋಡೆಯ ಮೇಲೆ, ಕೂತವರ ತಲೆ ತಾಗುವ ಎತ್ತರದಲ್ಲಿ, ತಟ್ಟೆಯಗಲದ ಒಂದು ಎಣ್ಣೆ ಕಲೆ. ನಿನ್ನ ತಲೆಯ ಹರಳೆಣ್ಣೆ. ನಾಲ್ಕು ವರ್ಷದ ನಂಜಿ ಅದಕ್ಕೆ ಕೆನ್ನೆ ಒತ್ತಿಕೊಂಡು ನಿಂತಿದ್ದಳು. ಯಾರು ಎತ್ತಿಕೊಳ್ಳಲು ಹೋದರೂ ಒದೆಯುತ್ತಿದ್ದಳು.

ಸಾವಾದ ಮನೆಗೆ ವರ್ಷ ತುಂಬುವ ತನಕ ಸುಣ್ಣವಿಲ್ಲ, ಹಬ್ಬವಿಲ್ಲ. ನಾನು ಮಕ್ಕಳನ್ನು ನೋಡಿಕೊಳ್ಳಲು ಉಳಿದವಳು, ಆ ವರ್ಷವೆಲ್ಲ ನಿನ್ನ ಗೋಡೆ ಮಾಸುವುದನ್ನು ನೋಡಿದೆ. ವರ್ಷ ಕಳೆದದ್ದೇ ಹಿರಿಯರು ಕೂತು ಮಾತಾಡಿದರು. "ಮಕ್ಳಿಗೆ ಹೊರಗ್ನೋಳು ಯಾಕೆ? ಇವ್ಳೇ ಇದಾಳಲ್ಲ, ಒಡಹುಟ್ಟಿದೋಳು" ಎಂದರು. ನನ್ನನ್ನು ಭಾವನಿಗೆ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ನಿನ್ನನ್ನಾದರೂ ಯಾರು ಕೇಳಿದ್ದರು ಬಿಡು. ತಾಳಿಯ ಪಕ್ಕದಲ್ಲೇ ನಿನ್ನ ಹೆಸರಿನ ಬೆಳ್ಳಿ ಬಿಲ್ಲೆಯೊಂದನ್ನು ಪೋಣಿಸಿ ನನ್ನ ಕೊರಳಿಗೆ ಕಟ್ಟಿದರು. ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಹೀಗೆ ಹೊತ್ತುಕೊಂಡಿದ್ದರೆ ಅವಳು ಮುನಿಯುವುದಿಲ್ಲವಂತೆ. ಇವತ್ತಿಗೂ ಹೊಸ ಸೀರೆ ಬಂದರೆ ಮೊದಲು ನಿನ್ನ ಹೆಸರಲ್ಲಿ ಕಳಶದ ಮುಂದೆ ಇಟ್ಟು, ಆಮೇಲೆ ನಾನು ಉಡುತ್ತೇನೆ. ಗಂಡನಾದರೂ ಬಾಯಿಗೆ ಭಾವ ಎಂದೇ ಬರುತ್ತದೆ.

ಮದುವೆಗೆಂದು ಸುಣ್ಣ ಬಳಿದ ದಿನ ಒಂದು ರಾಮಾಯಣವೇ ನಡೆಯಿತು. ಹರವಿಯಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುತ್ತಿದೆ, ನಂಜಿ ಅದರ ಸುತ್ತ ಸುಳಿಯುತ್ತಾಳೆ, ನಾನು ಕಿರುಚುತ್ತೇನೆ. ಅವಳನ್ನು ದೂರ ಕೂರಿಸಿ ಬರುವಷ್ಟರಲ್ಲಿ ಕೆಂಪ ಕೆಮ್ಮಣ್ಣಿನ ಬಾನಿಗೆ ಎರಡೂ ಕೈ ಅದ್ದಿ, ಅಂಬೆಗಾಲಲ್ಲಿ ಹೋಗಿ, ತೂಕಡಿಸುತ್ತಿದ್ದ ಅತ್ತೆಯ ಸೀರೆಗೆ ಒತ್ತಿದ್ದ. "ನಿಮ್ಮವ್ವ ಗೋಡೆಗ್ ಬರೀತಿದ್ಲು, ನೀನು ನನ್ಗೇ ಬರೀತೀಯೇನ್ಲಾ!" ಎಂದು ಅತ್ತೆ ಅಟ್ಟಿಸಿಕೊಂಡು ಹೋದರು. ನಾನು ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀನು ಹೋದ ಮೇಲೆ ಈ ಮನೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಮೂರನೆಯ ದಿನ ಸುಣ್ಣ ಒಣಗಿತು, ನಿನ್ನ ಕಲೆ ಮೇಲೆದ್ದು ಬಂತು. ಎಣ್ಣೆಯ ಮೇಲೆ ಸುಣ್ಣ ಹಿಡಿಯುವುದಿಲ್ಲ, ಗೋಡೆ ಬಳಿದವರಿಗೆಲ್ಲ ಇದು ಗೊತ್ತು. ಅತ್ತೆಗೂ ಗೊತ್ತು. ಆದರೂ ಅವರು ಅದರ ಮುಂದೆ ನಿಂತು, "ಮನೆ ಬಿಟ್ಟು ಹೋಗೋಕೆ ಅವ್ಳಿಗಿನ್ನೂ ಮನ್ಸಿಲ್ಲ" ಎಂದರು. ಸೀಗೆಪುಡಿ ಹಾಕಿ ತಿಕ್ಕಿದೆ. ಬೂದಿ ಹಚ್ಚಿದೆ. ಎರಡು ಕೈ, ಮೂರು ಕೈ ಬಳಿದೆ. ಪ್ರತಿ ಸಲವೂ ಮೊದಲು ತಿಳಿಹಳದಿಯ ಒಂದು ನೆರಳು, ಆಮೇಲೆ ಅದರ ಅಂಚು, ಆಮೇಲೆ ನೀನು. ನಂಜಿ ಹೋಗಿ ಅದಕ್ಕೆ ಒತ್ತಿಕೊಂಡು ಬಂದರೆ ಒಂದು ಕೆನ್ನೆ ಸುಣ್ಣದಿಂದ ಬೆಳ್ಳಗಿರುತ್ತಿತ್ತು.

ಅವಳು ನನ್ನ ಮಾತು ಕೇಳುತ್ತಿರಲಿಲ್ಲ ಎಂದಲ್ಲ. ಕರೆದರೆ ಬರುತ್ತಿದ್ದಳು, ಇಕ್ಕಿದರೆ ಉಣ್ಣುತ್ತಿದ್ದಳು, ಚಿಕ್ಕವ್ವ ಎನ್ನುತ್ತಿದ್ದಳು. ಆದರೆ ಒಂದು ದಿನ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡಳು. ನಾನು ಬಾಗಿಲಲ್ಲೇ ಕೈ ಚಾಚಿ ಕೂತಿದ್ದೆ. ಅಳುತ್ತಾ ಓಡಿ ಬಂದವಳು ನನ್ನ ಕೈ ಸರಿಸಿ, ನನ್ನನ್ನು ದಾಟಿ, ಗೋಡೆಯ ಹತ್ತಿರ ಹೋದಳು. ಆವತ್ತು ನನಗೆ ನಿನ್ನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ? ಹೇಲು ಬಾಚುವವಳು ನಾನು, ಜ್ವರ ಬಂದರೆ ಮಡಿಲಲ್ಲಿ ಹಾಕಿಕೊಂಡು ಕೂರುವವಳು ನಾನು. ನೀನು ಗೋಡೆಯಲ್ಲಿ ಸುಮ್ಮನೆ ಇದ್ದುಕೊಂಡೇ ಮಗಳನ್ನು ಸಾಕುತ್ತಿದ್ದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವವರು ಇರುತ್ತಾರಾ ಅಕ್ಕ? ನಾನಿದ್ದೆ.

ಕಳೆದ ಯುಗಾದಿಗೆ ಮುಂಚೆ ನಂಜಿಯನ್ನು ದೇವನಹಳ್ಳಿಯ ಅವಳ ಸೋದರತ್ತೆಯ ಮನೆಗೆ ಎಂಟು ದಿನ ಕಳಿಸಿದೆ. ಚಕ್ಕೋತ ಹಣ್ಣು ತಿಂದು ಬರಲಿ ಎಂದು ಎಲ್ಲರಿಗೂ ಹೇಳಿದೆ. ಗಾಡಿ ಮರೆಯಾದ ಮೇಲೆ ಗುದ್ದಲಿ ತಂದೆ. ಕಿಟಕಿಯಿಂದ ಬಾಗಿಲವರೆಗೆ ಇಟ್ಟಿಗೆ ಕಾಣುವ ತನಕ ಕೆರೆದೆ. ಭಾವ ಹೊಲದಿಂದ ಬಂದು ನೋಡಿ, ಆಚೆ ಹೋಗಿ ಕೂತರು. ಪ್ರತಿ ಸಲ ಸುಣ್ಣ ತಾಗದಂತೆ ನಾನು ಉಳಿಸಿಕೊಂಡಿದ್ದ ಸೊಟ್ಟ ಕೊಕ್ಕಿನ ಗಿಣಿಯೂ ಆ ಗೋಡೆಯದೇ, ಅದೂ ಹೋಯಿತು. ಕೆರೆದ ಮಣ್ಣನ್ನು ಎಲ್ಲರೂ ಮಾಡುವ ಹಾಗೆ ತಿಪ್ಪೆಗೆ ಹಾಕಿದೆ. ಹುಲ್ಲು ಸೆಗಣಿ ಸೇರಿಸಿ ತುಳಿದ ಹೊಸ ಮಣ್ಣು ಮೆತ್ತಿ, ಸುಣ್ಣ ಬಳಿದು, ನಿನ್ನ ಹಾಗೆಯೇ ನೀಲಿ ಬೆರೆಸಿ, ಎರಡು ಗಿಣಿ ಬರೆದೆ. ಎರಡರ ಕೊಕ್ಕೂ ನೆಟ್ಟಗಿತ್ತು. ಮಗು ಬಂದು ಚೆನ್ನಾಗಿದೆ ಎನ್ನುತ್ತಾಳೆ ಎಂದು, ಆಣೆ ಮಾಡಿ ಹೇಳುತ್ತೇನೆ, ನಿಜವಾಗಿಯೂ ನಂಬಿದ್ದೆ.

ಅವಳು ಬಂದವಳು ಅಳಲಿಲ್ಲ. ಹೊಸ ಗೋಡೆಯ ಮುಂದೆ ನಿಂತು, "ಎಲ್ಲಿ?" ಎಂದು ಕೇಳಿದಳು. ನಾನು ಗಿಣಿ ತೋರಿಸಿದೆ. "ಮಣ್ಣೆಲ್ಲಿ?" ಎಂದಳು. ಕೆಂಪ, ಆ ಪುಣ್ಯಾತ್ಮ, ತಿಪ್ಪೆಯ ಕಡೆ ಕೈ ತೋರಿಸಿದ. ಅವಳು ದೇವನಹಳ್ಳಿಯಲ್ಲಿ ಹಾಕಿ ಕಳಿಸಿದ ಹೊಸ ಲಂಗದಲ್ಲೇ ತಿಪ್ಪೆ ಹತ್ತಿದಳು. ಮಂಡಿಯೂರಿ ಕೂತು ಒಂದೊಂದೇ ಹೆಂಟೆ ಎತ್ತಿ ಮೂಗಿಗೆ ಹಿಡಿದಳು. ಮೂಸಿ ಮೂಸಿ ಪಕ್ಕಕ್ಕಿಟ್ಟಳು. ಆ ಎಂಟು ದಿನದಲ್ಲಿ ಅದರ ಮೇಲೆ ಎಷ್ಟು ಮಂಕರಿ ಸೆಗಣಿ ಬಿದ್ದಿತ್ತೋ... ನಿನ್ನ ವಾಸನೆ ಎಲ್ಲಿ ಉಳಿದೀತು? ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ, ಹೋಗಿ ಎತ್ತಿಕೊಳ್ಳಲಿಲ್ಲ.

ಅಂದಿನಿಂದ ನಂಜಿ ನನ್ನೊಂದಿಗೆ ಮಾತು ಬಿಟ್ಟಳು. ಎದುರಿಗೇ ಕೂತು ತಮ್ಮನಿಗೆ ಹೇಳುವಳು, "ಕೆಂಪ, ಅವ್ಳಿಗೆ ಹೇಳು, ಮುದ್ದೆ ಸಾಕು ಅಂತ." ಅವನು ನನ್ನ ಕಡೆ ತಿರುಗಿ, "ಮುದ್ದೆ ಸಾಕಂತೆ" ಎನ್ನುವನು. ಏಳು ವರ್ಷದ ಹುಡುಗಿಗೆ ಅಷ್ಟು ಹಟ ಎಲ್ಲಿಂದ ಬಂತು ಎಂದು ನಿನ್ನನ್ನೇ ಕೇಳಬೇಕು. ಹೊಡೆಯಲು ಒಮ್ಮೆ ಕೈ ಎತ್ತಿದೆ. ಅವಳು ಕಣ್ಣು ಮುಚ್ಚದೆ ನೋಡಿದಳು. ಅದು ನಿನ್ನ ಕಣ್ಣೇ. ಕೈ ಇಳಿಸಿದೆ.

ಶ್ರಾವಣದ ಹೊತ್ತಿಗೆ ನಾನು ಬಸುರಿ ಎಂದು ತಿಳಿಯಿತು. ನಿನಗೆ ಈ ಸುದ್ದಿಯನ್ನು ಹೇಳಲು ಇಷ್ಟು ದಿನ ಹೆದರಿದ್ದೆ. ಯುದ್ಧವೂ ಮುಗಿದಿತ್ತು, ಸೀಮೆಎಣ್ಣೆಗೆ ಮಾತ್ರ ಇನ್ನೂ ಚೀಟಿ ಹಿಡಿದು ನಿಲ್ಲಬೇಕಿತ್ತು. ಅತ್ತೆ ನನ್ನ ನೆತ್ತಿಗೆ ದಿನವೂ ಹರಳೆಣ್ಣೆ ತಟ್ಟುತ್ತಿದ್ದರು. ಮಧ್ಯಾಹ್ನ ಕೆಲಸ ಮುಗಿಸಿ, ಕೆಂಪನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಿಟಕಿಯ ಕೆಳಗೆ ಕೂರುತ್ತಿದ್ದೆ. ಗಾಳಿ ಬರುವುದು ಅದೊಂದೇ ಕಡೆ, ನಾನೇನು ಮಾಡಲಿ? ಕೂತ ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಅದೇ ವಾಸನೆ. ಕುತ್ತಿಗೆಯ ಹಿಂದೆ ತಣ್ಣಗೆ. "ಅಕ್ಕಾ?" ಎಂದು ಎಷ್ಟೋ ಸಲ ಕರೆದಿದ್ದೇನೆ. ತಿರುಗಿ ನೋಡುವ ಧೈರ್ಯ ಮಾತ್ರ ಬರುತ್ತಿರಲಿಲ್ಲ. ಚಾಪೆ ಸುತ್ತಿಡುವಾಗಲೂ ತಲೆ ತಗ್ಗಿಸಿಕೊಂಡೇ ಎದ್ದು ಬರುತ್ತಿದ್ದೆ.

ಮೊನ್ನೆ, ಹೆರಿಗೆಗೆ ಮುಂಚೆ ಒಂದು ಕೈ ಸುಣ್ಣ ಆಗಲಿ ಎಂದು ಅತ್ತೆ ನಡುಮನೆಯ ಸಾಮಾನು ಸರಿಸಿದರು. ಸರಿಸಿದವರು ಕೂಗಿಕೊಂಡರು. "ಬಂದ್ಬಿಟ್ಲು ಕಣೆ! ಕೆರೆದು ತಿಪ್ಪೆಗ್ ಹಾಕಿದ್ರೂ ಬಂದ್ಬಿಟ್ಲು!" ನಾನು ಆಗ ತಿರುಗಿ ನೋಡಿದೆ. ಅದೇ ಜಾಗ, ಅದೇ ಎತ್ತರ, ತಟ್ಟೆಯಗಲ. ನನ್ನ ಕೈ ಕೊರಳಿನ ನಿನ್ನ ಬಿಲ್ಲೆಯನ್ನು ಹುಡುಕಿಕೊಂಡು ಹೋಯಿತು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಗೋಡೆ ಕೆರೆದದ್ದರ ಲೆಕ್ಕ ಸರಿಮಾಡಲು ನೀನು ಬಂದೆ ಅಂದುಕೊಂಡೆ. ಪೂಜಾರಿಯನ್ನು ಕರೆಸಬೇಕು, ಇವಳನ್ನು ಇವತ್ತೇ ತವರಿಗೆ ಕಳಿಸಬೇಕು ಎಂದು ಅತ್ತೆ ಒಂದೇ ಉಸಿರಿಗೆ ಹೇಳುತ್ತಿದ್ದರು.

ನಂಜಿ ಬಾಗಿಲಲ್ಲಿ ನಿಂತಿದ್ದಳು. ಸಹಜವಾಗಿ, ಬೇಸರದಿಂದಲೇ ಹೇಳಿದಳು.

"ಅವ್ವನ್ದಲ್ಲ ಅದು. ಚಿಕ್ಕವ್ವನ್ದು. ದಿನಾ ಅಲ್ಲೇ ಒರಗ್ತಾಳೆ. ನೀನೇ ಅಲ್ವಾ ಅಜ್ಜಿ, ಅವ್ಳ ತಲೆಗೆ ಎಣ್ಣೆ ತಟ್ಟೋದು?"

ಅತ್ತೆ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಹತ್ತು ತಿಂಗಳ ಮೇಲೆ ಅವಳ ಬಾಯಲ್ಲಿ ಚಿಕ್ಕವ್ವ ಎಂದು ಕೇಳಿದೆ. ನಾವಿಬ್ಬರೂ ಒಂದೇ ಎತ್ತರ ಎಂದು ಅವ್ವ ಯಾವಾಗಲೂ ಹೇಳುತ್ತಿದ್ದಳಲ್ಲ... ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನದೇ ಆದರೆ ಹೆದರಿಕೆ ಏನು ಎಂದು ಕತ್ತಾಳೆ ನಾರಿನ ಕುಂಚ ಎತ್ತಿಕೊಂಡು ಸುಣ್ಣಕ್ಕೆ ಅದ್ದಿದೆ. ಅವಳು ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತಳು.

"ಬಳೀಬೇಡ."

"ಯಾಕ್ ಮಗಾ? ನಂದೇ ತಾನೇ, ಹೋಗ್ಲಿ ಬಿಡು."

"ಕೆಂಪನ್ನ ಹೆತ್ತಾಗ ಅವ್ವ ಹೋದ್ಲು. ನೀನೂ ಹೋಗ್ಬಿಟ್ರೆ?" ಅವಳು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. "ಒರಗೋಕೆ ಏನಿರುತ್ತೆ ನಮ್ಗೆ?"

ಕುಂಚ ಕೆಳಗಿಟ್ಟೆ. ಆ ಹೊಟ್ಟೆ ಹೊತ್ತುಕೊಂಡು ಕಷ್ಟಪಟ್ಟು ಮಂಡಿಯೂರಿದೆ. ನಾನೆಲ್ಲೂ ಹೋಗಲ್ಲ ಕಣವ್ವ, ನಿನ್ನಾಣೆ ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು.

"ಅವ್ವನೂ ಹಂಗೇ ಅಂದಿದ್ಲು."

ಅಕ್ಕಾ, ನೀನು ಹಾಗೆ ಹೇಳಿ ಹೋದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಅದನ್ನು ಯಾರಿಗೂ ಹೇಳಿಲ್ಲ.

ಮೂರು ಗೋಡೆಗೆ ಸುಣ್ಣ ಆಯಿತು. ಕಿಟಕಿಯ ಗೋಡೆಯನ್ನು ಮುಟ್ಟಲಿಲ್ಲ. ಇನ್ನು ಇಪ್ಪತ್ತು ದಿನ ಎನ್ನುತ್ತಾಳೆ ಸೂಲಗಿತ್ತಿ. ಹೆರಿಗೆ ಇಲ್ಲೇ ಆಗಲಿ, ಮಕ್ಕಳ ಕಣ್ಣೆದುರಿಗೇ ಇರುತ್ತೇನೆ ಎಂದು ನಾನು ಹಟ ಹಿಡಿದಿದ್ದೇನೆ. ಗೋಡೆ ಕೆರೆದದ್ದಕ್ಕೆ ನಿನಗೆ ಸಿಟ್ಟಿದ್ದರೆ ಇರಲಿ, ಅದನ್ನು ಆಮೇಲೆ ಯಾವತ್ತಾದರೂ ನಾವಿಬ್ಬರೇ ಕೂತು ತೀರಿಸಿಕೊಳ್ಳೋಣ. ಈಗ ಮಾತ್ರ ನನ್ನನ್ನು ಕರೆಯಬೇಡ. ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನಿನಗೆ ಆಗಲಿಲ್ಲ. ನನ್ನ ಮಾತನ್ನಾದರೂ ಉಳಿಸಿಕೊಡು.

ನಿನ್ನ ತಂಗಿ,
ಗೌರಿ