ಹುಳು ಮೇಯುವಾಗ ಹೇಳದ ಸುದ್ದಿ

ಇಸವಿ 2151, ಎರಡನೇ ಬೇಸಿಗೆ, ರೇಷ್ಮೆಹುಳು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದ ದಿನ.

ಮುನಿರತ್ನಜ್ಜಿಯವರಿಗೆ ನಿಮ್ಮ ಮೊಮ್ಮಗಳ ಮೊಮ್ಮಗಳು ಇಂಚರಾ ಮಾಡುವ ನಮಸ್ಕಾರಗಳು. ನೀವಿನ್ನೂ ನಲವತ್ತು ದಾಟಿಲ್ಲ, ನನಗೆ ಐವತ್ತಾಯಿತು, ಆದರೂ ಅಜ್ಜಿ ಎನ್ನುತ್ತಿದ್ದೇನೆ. ಇದಕ್ಕೂ, ನಿಮಗೆ ಗೊತ್ತಿರದ ನನ್ನ ಮಾತುಗಳಿಗೂ ಕ್ಷಮೆ ಇರಲಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆರಡು ಸಲ ಬರುತ್ತದೆ, ಆದ್ದರಿಂದ ಎಣಿಸಿ ಬರೆಯುತ್ತೇವೆ. ಈ ಕಾಗದಕ್ಕೆ ಹಿಂದೋಲೆ ಎಂದು ಹೆಸರು. ಬರೆಯುವವರು ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ಮಾತ್ರ ಇದು ಹೋಗಿ ಮುಟ್ಟುತ್ತದೆ, ಅದೂ ಜನ್ಮಕ್ಕೆ ಒಂದೇ ಸಲ. ಅಮ್ಮನ ಕೊನೆಗಾಲಕ್ಕೆ ಮುಟ್ಟುವಂತಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆ, ನಿಮ್ಮ ಗೊಡವೆಗೆ ಬರುತ್ತಿರಲಿಲ್ಲ.

ನಿಮ್ಮ ಹಿಪ್ಪುನೇರಳೆ ತೋಟ ಇನ್ನೂ ಇದೆ. ಬಿಸಿಲಿಗೆ ಸೊಪ್ಪು ಸುಡದಂತೆ ಗಿಡಗಳ ಮೇಲೆ ನೆರಳುಬಟ್ಟೆ ಕಟ್ಟಿದ್ದೇವೆ. ರೇಷ್ಮೆಹುಳು ಸಾಕುವುದು ನೆಲದೊಳಗೆ ತೋಡಿದ ತಣ್ಣನೆಯ ಕೋಣೆಯಲ್ಲಿ, ಅದಕ್ಕೆ ಗುಳಿಮನೆ ಎನ್ನುತ್ತೇವೆ. ನೀರು ಪಾಳಿಯ ಮೇಲೆ ಬರುತ್ತದೆ. ಬೆಳೆ ಮೇಲಿಂದ ಮೇಲೆ ಕೈಕೊಟ್ಟರೆ ಪಾಳಿ ಬೇರೆಯವರ ಪಾಲಾಗುತ್ತದೆ, ಪಾಳಿ ಹೋದರೆ ತೋಟ ಹೋದಂತೆಯೇ. ಗುಳಿಮನೆಯ ಬಾಗಿಲ ಮೇಲೆ ನಿಮ್ಮ ಫೋಟೋ ಇದೆ. ಹಡೆದ ತಂದೆ ಸಾಯುತ್ತಿದ್ದರೂ ಹುಳು ಬಿಟ್ಟು ಕದಲದೆ ತೋಟ ಉಳಿಸಿದ ಮಹಾತಾಯಿ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ನಿಮ್ಮ ಹೆಸರಿನಲ್ಲೇ ಒಂದು ಕಟ್ಟಳೆ ಬೆಳೆದಿದೆ, ಬಾಯಿಕಟ್ಟು ಅಂತ. ನಾಲ್ಕನೇ ಜ್ವರದಿಂದ ಎದ್ದ ಹುಳು ಮೇದು, ಹಣ್ಣಾಗಿ, ಚಂದ್ರಂಕಿ ತಟ್ಟೆ ಹತ್ತಿ ಗೂಡು ಕಟ್ಟುವ ತನಕ ಸಾಕುವವರ ಕಿವಿಗೆ ಯಾವ ಸಾವಿನ ಸುದ್ದಿಯನ್ನೂ ಹಾಕುವಂತಿಲ್ಲ. ನಾನೂ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದವಳೇ.

ನನ್ನ ತಮ್ಮ ಚಲಪತಿ ಪಕ್ಕದ ಊರಿನಲ್ಲಿದ್ದಾನೆ. ಆರು ವರ್ಷದ ಹಿಂದೆ ಅಮ್ಮನನ್ನು ಔಷಧಿಗೆಂದು ಅವನ ಮನೆಗೆ ಕಳಿಸಿದೆ. ಅದಕ್ಕೆ ಮುಂಚೆ ಸೆಕೆಗೆ ಎರಡು ಬೆಳೆ ಹುಳು ಸತ್ತಿದ್ದವು, ಆಗ ಮೇಯುತ್ತಿದ್ದ ಬೆಳೆಯೂ ಉಳಿಯದಿದ್ದರೆ ಪಾಳಿ ಹೋಗುತ್ತಿತ್ತು. ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತಾ, ಅಮ್ಮನಿಗೆ ಇಷ್ಟವೆಂದು ನೇರಳೆಹಣ್ಣು ಬಿಡಿಸಿ ತಣ್ಣಗಿನ ಮೂಲೆಯಲ್ಲಿಟ್ಟು ಕಾಯುತ್ತಿದ್ದೆ. ಗೂಡು ಚೆನ್ನಾಗಿ ಬಂತು. ಕೊನೆಯ ಚಂದ್ರಂಕಿ ತುಂಬಿದ ಸಂಜೆ ಚಲಪತಿ ತಲೆ ಬೋಳಿಸಿಕೊಂಡು ಬಂದು ಹೊಸ್ತಿಲಾಚೆ ನಿಂತ. ಆ ಬೋಳುತಲೆ ನೋಡಿದ ಮೇಲೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅಮ್ಮನನ್ನು ಸುಟ್ಟು, ಬೂದಿಯನ್ನೂ ನೀರಿಗೆ ಬಿಟ್ಟು ಬಂದಿದ್ದ. ನಾನು ಬೈದೆ, ಅವನ ಎದೆಗೆ ಗುದ್ದಿದೆ. ಅವನು ಹೇಳಿದ್ದು ಇಷ್ಟೇ: "ಹೇಳಿದ್ರೆ ನೀನು ಬಂದ್ಬಿಡ್ತಿದ್ದೆ ಕಣಕ್ಕಾ."

ಆ ಮಾತನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ. ಅವನು ಕೆಟ್ಟವನಲ್ಲ, ನಮ್ಮೆಲ್ಲರಿಗೂ ಕಲಿಸಿದ್ದನ್ನೇ ಚಾಚೂ ತಪ್ಪದೆ ಮಾಡಿದ. ಅದೇ ನನಗೆ ದೊಡ್ಡ ಕಷ್ಟ, ಕೆಟ್ಟವನಾಗಿದ್ದರೆ ಸುಮ್ಮನೆ ದ್ವೇಷಿಸಬಹುದಿತ್ತು. ಅಂದಿನಿಂದ ಅವನ ಮುಖಕ್ಕೆ ಮುಖ ಕೊಟ್ಟಿಲ್ಲ. ಅವನ ಮಗಳ ಮದುವೆಗೂ ಹೋಗಲಿಲ್ಲ. ಒಂದೇ ಕಾಲುವೆಯ ನೀರು, ಅವನ ತೋಟಕ್ಕೆ ಬಿಟ್ಟ ದಿನ ನಾನು ಕಾಲುವೆ ಹತ್ತಿರ ಸುಳಿಯುವುದಿಲ್ಲ. ತೋಟ ಉಳಿದಿದೆ ಅಜ್ಜಿ, ಅದರಲ್ಲಿ ಕೂತು ಮಾತಾಡುವವರು ಉಳಿದಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತು. ಸುಣ್ಣಕಟ್ಟು ರೋಗ ಬಂದು ಹಿಂದಿನ ಬೆಳೆ ಹೋಗಿದೆ, ಕೈಯಲ್ಲಿರುವುದು ಇದೊಂದೇ. ಬಂಗಾರಪೇಟೆ ಕಡೆಯ ತವರಿನಿಂದ, ಅಪ್ಪನಿಗೆ ಜೋರಾಗಿದೆ ಎಂದು ತಮ್ಮನ ಫೋನು ಬಂದಿದೆ. ಹುಳು ಹಣ್ಣಾದ ಮೇಲೆ ಹೋದರಾಯಿತು ಅಂದುಕೊಂಡಿದ್ದೀರಿ. ನೀವು ಹೋದರೆ ಬೆಳೆ ಕೆಡಬಹುದು, ತೋಟವನ್ನು ಮಾರಬೇಕಾಗಬಹುದು. ಆಗ ನಾನೂ ಚಲಪತಿಯೂ ಯಾರದೋ ಹೊಲದಲ್ಲಿ ಕೂಲಿ ಮಾಡುತ್ತೇವೇನೋ, ಹುಟ್ಟುವುದೇ ಇಲ್ಲವೇನೋ. ಆಗಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ.

ನಮ್ಮ ಮನೆಯ ಕಥೆ ನೀವು ಹುಳು ಉಳಿಸಿದಲ್ಲಿಗೆ ಮುಗಿಯುತ್ತದೆ. ನಿಮ್ಮ ತಮ್ಮನ ವಂಶದ ಮುದುಕಿಯೊಬ್ಬರು ಈಚೆಗೆ ಸಿಕ್ಕಿದ್ದರು, ಮಿಕ್ಕಿದ್ದನ್ನು ಅವರು ಹೇಳಿದರು. ನಿಮ್ಮಪ್ಪ ಮಂಚವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದರಂತೆ. ಯಾರ ಹೆಜ್ಜೆ ಸದ್ದಾದರೂ "ರತ್ನ ಬಂದ್ಳಾ?" ಎಂದು ಕೇಳುತ್ತಿದ್ದರಂತೆ. ಕಡೆಗೆ ನೋಡಲಾರದೆ ನಿಮ್ಮ ತಮ್ಮ, ಬಂದಳು ಎಂದು ಸುಳ್ಳು ಹೇಳಿ, ತನ್ನ ಹೆಂಡತಿಯ ಕೈಯನ್ನು ಅವರ ಕೈಯೊಳಗಿಟ್ಟನಂತೆ. ಅವರು ಆ ಕೈಯನ್ನು ಸವರಿ ನೋಡಿ, ಮೆಲ್ಲಗೆ ಬಿಟ್ಟುಬಿಟ್ಟರಂತೆ.

ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ಅವರಿನ್ನೂ ಇದ್ದಾರೆ. ಸೊಪ್ಪಿನ ಹೊರೆ ಅಲ್ಲೇ ಇಳಿಸಿ, ಹೊರಡಿ.